ಬ್ಯಾಂಡ್ ಮಾಸ್ಟರನ ಬಲಗೈ

ನಮ್ಮಣ್ಣನನ್ನು ಕೆಲಸದ ಜಾಗದಲ್ಲಿ ಎಲ್ಲರೂ ಬ್ಯಾಂಡ್ ಮಾಸ್ಟರ್ ಎಂದೇ ಕರೆಯುತ್ತಿದ್ದರು. ಹದಿನೆಂಟು ಅಂತಸ್ತಿನ ಕಟ್ಟಡ ಏಳುತ್ತಿತ್ತು. ಅಂಗಳದ ನಡುವೆ ಕೆಂಪು ಜಾಕೆಟ್ ತೊಟ್ಟು ನಿಂತು, ಮೇಲೆ ಕ್ರೇನ್ ನಡೆಸುವವರಿಗೆ ಕೈಸನ್ನೆ ಮಾಡುವುದು ಅವನ ಕೆಲಸ. ತೋಳೆತ್ತಿ ಬೆರಳು ಸುತ್ತಿಸಿದರೆ ಎತ್ತು, ಅಂಗೈ ಕೆಳಮುಖ ಮಾಡಿ ಆಡಿಸಿದರೆ ಇಳಿಸು, ತೋಳು ತಲೆಯ ಮೇಲೆ ನೆಟ್ಟಗೆ ಹೋದರೆ ನಿಲ್ಲಿಸು. ಎರಡೂ ಕೈಗಳನ್ನು ಎದೆಯ ಮುಂದೆ ಒಂದಕ್ಕೊಂದು ಬಿಗಿಯಾಗಿ ಹಿಡಿದರೆ ಕೆಲಸ ಮುಗಿಯಿತು ಎಂದರ್ಥ. ಮೇಲಿನಿಂದ ಒಂದು ಹಾರ್ನ್ ಬಂದರೆ ಸನ್ನೆ ಮುಟ್ಟಿದೆ ಎಂದು ತಿಳಿಯಬೇಕು.

ಆ ಮೇಲಿನವರು ನಮ್ಮನೆಯವರು. ನಾನು ಕೆಳಗೆ ಸ್ಟೋರಿನಲ್ಲಿ ಹೆಲ್ಮೆಟ್, ಬೆಲ್ಟ್, ಗ್ಲೌಸ್ ಕೊಟ್ಟು ರುಜು ಹಾಕಿಸಿಕೊಳ್ಳುವವಳು. ಮೂರೂ ಜನ ಒಂದೇ ಗೇಟಿನಲ್ಲಿ ಒಳಗೆ ಹೋಗುತ್ತಿದ್ದೆವು. ಆದರೆ ಅವರಿಬ್ಬರೂ ಮಾತು ಬಿಟ್ಟು ಆರು ವರ್ಷವಾಗಿತ್ತು.

ಕಾರಣ ನಮ್ಮಮ್ಮ. ಅವಳಿಗೆ ಕೊನೆಗಾಲ ಬಂದ ದಿನ ಅಣ್ಣ ರಜೆ ಹಾಕಿ ಆಸ್ಪತ್ರೆಯಲ್ಲಿದ್ದ. ನನ್ನ ಹತ್ತಿರ ಆಗ ಫೋನ್ ಇರಲಿಲ್ಲ. ಅಣ್ಣ ಇವರ ಫೋನಿಗೆ ಹದಿನಾಲ್ಕು ಸಲ ಕರೆ ಮಾಡಿದ. ಇವರು ಮೇಲೆ ಕ್ಯಾಬಿನ್ನಿನಲ್ಲಿ, ಫೋನ್ ಕೆಳಗೆ ಚೀಲದಲ್ಲಿ. ನಾನು ಹೋಗಿ ಮುಟ್ಟುವಷ್ಟರಲ್ಲಿ ಅಮ್ಮನ ಕೈ ತಣ್ಣಗಾಗಿತ್ತು. ಬಂದ ಜನರ ಮುಂದೆಯೇ ಅಣ್ಣ, "ನಿನ್ನ ಗಂಡನಿಗೆ ಮನುಷ್ಯರಿಗಿಂತ ಕಬ್ಬಿಣವೇ ಹೆಚ್ಚು," ಎಂದ. ಇವರು, "ಲೋಡ್ ಇರೋವಾಗ ಫೋನ್ ಮುಟ್ಟಬೇಡ ಅಂತ ನನಗೆ ಕಲಿಸಿದ್ದೇ ನಿನ್ನಣ್ಣ," ಎಂದರು. ಇಬ್ಬರ ಮಾತೂ ನಿಜವೇ. ಅಮ್ಮನ ಮುಖ ನೋಡಲಾಗದೇ ಹೋದವಳು ನಾನು. ನನಗೆ ಹೇಗನ್ನಿಸಿತು ಎಂದು ಇಬ್ಬರಲ್ಲಿ ಒಬ್ಬರೂ ಇವತ್ತಿನವರೆಗೆ ಕೇಳಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಅಂಚೆ ಕೆಲಸ. "ನಿನ್ನಣ್ಣನಿಗೆ ಹೇಳು," "ನಿನ್ನ ಗಂಡನಿಗೆ ಹೇಳು." ಹೇಳಿದ್ದನ್ನು ಹೇಳಿದ ಹಾಗೆಯೇ ಮುಟ್ಟಿಸಿದ್ದರೆ ಎರಡು ತಲೆ ಉರುಳುತ್ತಿದ್ದವು. ಇವರು "ಅವನ ಮುಖ ನೋಡೋದು ಬೇಡ" ಎಂದದ್ದು ನನ್ನ ಬಾಯಲ್ಲಿ "ಪುರುಸೊತ್ತಿಲ್ಲವಂತೆ" ಆಗುತ್ತಿತ್ತು. ಅಣ್ಣ "ಅಟ್ಟದ ಸಾಹೇಬರು ಹೇಗಿದ್ದಾರೆ" ಎಂದು ಕೊಂಕು ನುಡಿದರೆ, ಇವರಿಗೆ "ಅಣ್ಣ ಕೇಳಿದ" ಎಂದಷ್ಟೇ ಹೇಳುತ್ತಿದ್ದೆ. ಆರು ವರ್ಷ, ದಿನಾ. ನನ್ನ ಸ್ವಂತ ಮಾತು ಯಾವುದು ಎಂಬುದೇ ಮರೆತುಹೋಗಿತ್ತು. ಕಂಪನಿ ಇಬ್ಬರಿಗೂ ಒಂದೊಂದು ವಾಕಿಟಾಕಿ ಕೊಟ್ಟಿತ್ತು. ವಾರ ವಾರ ಇಬ್ಬರೂ ಬೇರೆ ಬೇರೆಯಾಗಿ ಬಂದು "ಚಾರ್ಜ್ ನಿಲ್ತಿಲ್ಲ" ಎಂದು ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಎರಡೂ ಗಟ್ಟಿಮುಟ್ಟಾಗಿಯೇ ಇದ್ದವು. ನಾನು "ರಿಪೇರಿಯಲ್ಲಿದೆ" ಎಂದು ಬರೆಯುತ್ತಿದ್ದೆ.

ಆದರೆ ಅಂಗಳದಲ್ಲಿ ನೋಡಬೇಕಿತ್ತು. ಅಣ್ಣನ ಬೆರಳು ಅಲುಗಿದರೆ ನೂರೈವತ್ತು ಅಡಿ ಮೇಲೆ ಇವರ ಕೈ ಅಲುಗುತ್ತಿತ್ತು. ಎರಡು ಟನ್ ಕಬ್ಬಿಣ ಮೊಟ್ಟೆ ಇಟ್ಟ ಹಾಗೆ ನೆಲಕ್ಕೆ ಕೂರುತ್ತಿತ್ತು. ಅತ್ತಿಗೆ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಅಣ್ಣನ ಮನೆಯಲ್ಲಿ ಮಾತಾಡಲು ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ದಿನಕ್ಕೆ ಎಂಟು ಗಂಟೆ ಅವನು ಮಾತಾಡುತ್ತಿದ್ದದ್ದು ನಮ್ಮನೆಯವರ ಜೊತೆಗೇ.

ಐದು ತಿಂಗಳ ಹಿಂದೆ ಅವನ ಬಲಭುಜ ಹಿಡಿದುಕೊಂಡಿತು. ಬೆಳಿಗ್ಗೆ ಗ್ಲೌಸ್ ಹಾಕಿಕೊಳ್ಳುವಾಗ ಹಲ್ಲು ಕಚ್ಚುತ್ತಿದ್ದ. ತೋಳು ಎದೆಯಿಂದ ಮೇಲೆ ಹೋಗುತ್ತಿರಲಿಲ್ಲ. ಎಡಗೈಯಲ್ಲಿ ಮಾಡಿದರೆ ಎಲ್ಲರಿಗೂ ಗೊತ್ತಾಗುತ್ತದೆಂದು ಅದೇ ಕೈಯನ್ನು ಅಷ್ಟರಲ್ಲೇ ಆಡಿಸುತ್ತಿದ್ದ. ಸನ್ನೆ ಪೂರ್ತಿಯಾಗದಿದ್ದರೆ ಕ್ರೇನ್ ಅಲುಗಿಸಬಾರದು, ಅದು ನಿಯಮ. ನಿಯಮವೆಂದರೆ ಪ್ರಾಣ ಬಿಡುವ ನಮ್ಮನೆಯವರು, ಅವನ ಕತ್ತು ವಾಲಿದ್ದನ್ನು, ಮೊಣಕೈ ಅಲುಗಿದ್ದನ್ನು ನೋಡಿಕೊಂಡೇ ಐದು ತಿಂಗಳು ಕ್ರೇನಿನ ಹುಕ್ಕು ಆಡಿಸಿದರು. ನನಗೂ ಹೇಳಲಿಲ್ಲ. ಹೇಳಿದ್ದು ಒಂದು ಗುರುವಾರ ಸಂಜೆ, ಮನೆಯಲ್ಲಿ.

ನಾನು ಬಟ್ಟೆ ಮಡಚುತ್ತಿದ್ದೆ. ಇವರು ಬಂದವರು ಶೂ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕುಸಿದರು.

"ಇವತ್ತು ಒಬ್ಬನನ್ನ ಸಾಯಿಸಿಬಿಡ್ತಿದ್ದೆ ಕಣೇ," ಎಂದರು. "ಸರಳಿನ ಕಟ್ಟು ಇಳಿಸ್ತಿದ್ದೆ. ಯಾರೋ ಕೆಳಗೆ ಬಗ್ಗಿದ. ನಿನ್ನಣ್ಣ ನಿಲ್ಲಿಸು ಅಂತ ಕೈ ಎತ್ತೋಕೆ ಹೋದ, ಕೈ ಬರಲಿಲ್ಲ. ಬಾಯಿ ತೆರೆದ. ಆ ಬಾಯಿ ನೋಡಿ ನಿಲ್ಲಿಸಿದೆ. ಒಂದು ಗೇಣು, ಅಷ್ಟೇ."

ನಾನು ಬಟ್ಟೆ ಬದಿಗಿಟ್ಟೆ.

"ನಿನ್ನಣ್ಣನಿಗೆ ಹೇಳು, ಅವನಾಗೇ ಬಿಟ್ಟುಬಿಡಲಿ. ನಾನು ಕಂಪನಿಗೆ ಬರೆದುಕೊಟ್ಟರೆ ಅವನ ಮರ್ಯಾದೆ ಹೋಗುತ್ತೆ."

ಆರು ವರ್ಷದಲ್ಲಿ ನಾನು ಮುಟ್ಟಿಸದೇ ಉಳಿಸಿಕೊಂಡ ಮಾತು ಅದೊಂದೇ. ಹೇಗೆ ಹೇಳಲಿ? ಆ ಅಂಗಳ ಬಿಟ್ಟರೆ ಅವನಿಗೆ ಇನ್ನೇನಿದೆ? ಶುಕ್ರವಾರ ಗ್ಲೌಸ್ ಕೊಟ್ಟೆ, ಶನಿವಾರವೂ ಕೊಟ್ಟೆ. ಬಾಯಿ ಬರಲಿಲ್ಲ. ಕೆಳಗೆ ಬಗ್ಗುವ ಯಾರದೋ ತಲೆಗಿಂತ ನನ್ನಣ್ಣನೇ ನನಗೆ ಹೆಚ್ಚಾದ. ಅದು ತಪ್ಪೆಂದು ಗೊತ್ತಿದ್ದೂ ಸುಮ್ಮನಿದ್ದೆ.

ಸೋಮವಾರ ಸೇಫ್ಟಿ ಆಫೀಸರ್ ಬಂದ. ಯಾರೋ ಕಿವಿ ಊದಿದ್ದರು. ಕೈಯಲ್ಲಿ ಒಂದು ಹಾಳೆ.

"ಎಲ್ಲ ಸಿಗ್ನಲ್ಲೂ ಒಂದ್ಸಲ ಮಾಡಿ ತೋರಿಸಿ ಮಾಸ್ಟರೇ. ಕೈ ಸರಿಯಿಲ್ಲ ಅಂದ್ರೆ ನಾನು ಇವತ್ತೇ ಬರೆದು ಕಳಿಸಬೇಕಾಗುತ್ತೆ."

ನಾನು ಸ್ಟೋರಿನ ಬಾಗಿಲಲ್ಲಿ ನಿಂತೆ. ಅಣ್ಣ ಅಂಗಳದ ನಡುವೆ ಹೋಗಿ ಬೆರಳು ಸುತ್ತಿಸಿದ, ಎದೆಯ ಮಟ್ಟದಲ್ಲೇ. ಹುಕ್ಕು ನುಣ್ಣಗೆ ಮೇಲೇರಿತು. ಎಡಕ್ಕೆ, ಬಲಕ್ಕೆ, ಕೆಳಕ್ಕೆ. ನಿಲ್ಲಿಸು ಎನ್ನಲು ಅಂಗೈ ಗಲ್ಲದವರೆಗೂ ಬರಲಿಲ್ಲ, ಹುಕ್ಕು ನಿಂತಿತ್ತು. ಆಫೀಸರ್ ಬಾಯಿ ತೆರೆದು ಆಕಾಶ ನೋಡುತ್ತಿದ್ದ. ಹುಕ್ಕು ಆಡುವಾಗ ಕೈಯನ್ನು ಯಾರು ನೋಡುತ್ತಾರೆ? "ಪರವಾಗಿಲ್ಲ, ಚೆನ್ನಾಗಿದೆ," ಎಂದು ಹಾಳೆಯ ಮೇಲೆ ಗೀಚಿದ. ಅಬ್ಬಾ, ಗೆದ್ದೆವು ಎಂದುಕೊಂಡೆ.

ಅಣ್ಣ ಅಲ್ಲಿಂದ ಕದಲಲಿಲ್ಲ. ಕ್ಯಾಬಿನ್ನಿನ ಕಡೆ ಮುಖವೆತ್ತಿ, ಎರಡೂ ಕೈಗಳನ್ನು ಎದೆಯ ಮುಂದೆ ತಂದು ಬಿಗಿಯಾಗಿ ಹಿಡಿದ. ಬೆಳಗಿನ ಹನ್ನೊಂದು ಗಂಟೆ. ಸಂಜೆಯ ಸನ್ನೆ ಅದು.

ಹಾರ್ನ್ ಬರಲಿಲ್ಲ.

ಅವನು ಕೈ ಬಿಡಲಿಲ್ಲ. ಸರಳು ಬಗ್ಗಿಸುವವರೂ ಕೆಲಸ ನಿಲ್ಲಿಸಿ ನೋಡಿದರು. ಆಫೀಸರ್ "ಏನಾಯ್ತು?" ಎಂದ. ಅಣ್ಣನ ಬಲಗೈ ಜಾರತೊಡಗಿತು, ಎಡಗೈ ಅದನ್ನು ಅದುಮಿ ಹಿಡಿಯಿತು. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಮೇಲಿನಿಂದ ಒಂದು ಸಣ್ಣ ಹಾರ್ನ್ ಬಂತು.

ಅವನು ನೇರ ಸ್ಟೋರಿಗೆ ಬಂದ. ಹೆಲ್ಮೆಟ್, ಗ್ಲೌಸ್ ನನ್ನ ಮೇಜಿನ ಮೇಲಿಟ್ಟ.

"ಯಾಕಣ್ಣಾ? ಪಾಸಾಗಿದ್ದೆಯಲ್ಲ!"

"ಪಾಸಾಗಿದ್ದು ನಿನ್ನ ಗಂಡ. ನಾನಲ್ಲ." ಸ್ಟೂಲಿನ ಮೇಲೆ ಕೂತ. "ಶುಕ್ರವಾರದಿಂದ ಹುಕ್ಕು ಅರ್ಧ ವೇಗದಲ್ಲಿ ಇಳೀತಿದೆ. ಅವನಿಗೆ ನನ್ನ ಕೈ ಮೇಲೆ ನಂಬಿಕೆ ಹೋಗಿದೆ. ಬಾಯಿಬಿಟ್ಟು ಹೇಳ್ತಿಲ್ಲ ಅಷ್ಟೇ."

"ಹೇಳಿದ್ರು," ಎಂದೆ. "ನಾನೇ ನಿನಗೆ ಮುಟ್ಟಿಸಲಿಲ್ಲ."

"ಗೊತ್ತು. ಎರಡು ದಿನ ಗ್ಲೌಸ್ ಕೊಡೋವಾಗ ನನ್ನ ಮುಖ ನೋಡಿದ್ಯಾ ನೀನು?"

ನಾಚಿಕೆಯಿಂದ ತಲೆ ತಗ್ಗಿಸಿದೆ. ಅಷ್ಟರಲ್ಲಿ ಇವರು ಏಣಿ ಇಳಿದು ಬಂದರು. ಕಂಕುಳಲ್ಲಿ ಹೆಲ್ಮೆಟ್, ಮುಖವೆಲ್ಲ ಬೆವರು. ಹತ್ತು ಅಡಿ ಕೋಣೆ ಅದು. ಇಷ್ಟು ಹತ್ತಿರ ನಿಂತು ಅವರಿಬ್ಬರಿಗೂ ಅಭ್ಯಾಸ ತಪ್ಪಿಹೋಗಿತ್ತು. ಅಣ್ಣ ಜಾಕೆಟ್ ಬಿಚ್ಚಲು ಹೆಣಗುತ್ತಿದ್ದ. ಬಲತೋಳು ಹಿಂದಕ್ಕೆ ಹೋಗುತ್ತಿರಲಿಲ್ಲ.

ಇವರು ನನ್ನ ಕಡೆ ತಿರುಗಿದರು. "ನಾನು ತೆಗೀತೀನಿ ಅಂತ ಹೇಳು ಅವನಿಗೆ."

"ಬೇಡ ಅಂತ ಹೇಳು," ಎಂದ ಅಣ್ಣ.

ನನಗೆ ರೇಗಿಹೋಯಿತು. ರೇಗಿದ್ದಕ್ಕಿಂತ ಸಾಕಾಗಿತ್ತು. "ಥೂ, ನನ್ನ ಕೈಲಾಗಲ್ಲ. ಇವರಿಗೆ ಅವನ ಮಾತು ಹೇಳಿ, ಅವನಿಗೆ ಇವರ ಮಾತು ಹೇಳಿ ನನ್ನ ಬಾಯಿ ಸೋತುಹೋಯ್ತು. ಬೇಕಾದ್ರೆ ಮಾತಾಡಿ, ಬೇಡದಿದ್ರೆ ಇಲ್ಲೇ ಕೂತು ಸಾಯಿರಿ," ಎಂದು ರಿಜಿಸ್ಟರ್ ಮುಚ್ಚಿ, ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಮೆಟ್ಟಿಲ ಮೇಲೆ ಕೂತೆ. ಕಾಲು ನೋಯುತ್ತಿತ್ತು. ಎದುರಿಗೆ ಖಾಲಿ ಅಂಗಳ, ಅದರ ಮೇಲೆ ಅಲುಗದ ಹುಕ್ಕು. ಆಮೇಲೆ ಒಳಗೆ ಸ್ಟೂಲು ಎಳೆದ ಸದ್ದು.

"ಭಾವ, ತೋಳು ಸಡಿಲ ಬಿಡಿ," ಎಂದರು ಇವರು.

ಅಣ್ಣ ಒಮ್ಮೆ ನರಳಿದ. ಆಮೇಲೆ ಅವನ ದನಿ ಕೇಳಿಸಿತು. "ನಿಧಾನ... ಇನ್ನೂ ಸ್ವಲ್ಪ ಇಳಿಸು... ನಿಧಾನ... ಹಾಂ, ಸಾಕು. ಬಂತು."