ಫಿಟ್ಟರ್ ಮಣಿಮೇಗಲೈ ಚೀಲ ಆರಿಸಿದ್ದು

ಮಣಿಮೇಗಲೈ ಮೂರು ವರ್ಷ ತನ್ನ ಸ್ಪ್ಯಾನರುಗಳನ್ನು ನುಗ್ಗೆಸೊಪ್ಪಿನ ಕೆಳಗೆ ಮುಚ್ಚಿಟ್ಟುಕೊಂಡೇ ತೋಟ ತೋಟ ತಿರುಗಿದಳು. ಸೊಪ್ಪು ಹೊದಿಸುತ್ತಿದ್ದವಳು ಅತ್ತೆ ಪೊನ್ನಮ್ಮಾಳ್. ಸೊಸೆ ಹೊರಡುವ ಹೊತ್ತಿಗೆ ಹಿತ್ತಲಿನಿಂದ ಒಂದು ಹಿಡಿ ಮುರಿದು ತಂದು, ಪ್ಲಾಸ್ಟಿಕ್ ಹೆಣಿಗೆಯ ಬುಟ್ಟಿಯ ಮೇಲೆ ಹರಡಿ, "ಈಗ್ ಓಗು. ನೋಡ್ದೋರು ಸಂತೆಗ್ ಓಯ್ತವ್ಳೆ ಅಂದ್ಕೋತಾರೆ" ಎನ್ನುತ್ತಿದ್ದಳು. ಸೊಸೆ ದುಡಿಯುವುದು ಅತ್ತೆಗೆ ಬೇಡವಾಗಿರಲಿಲ್ಲ. ಅದು ಕಾಣುವುದು ಬೇಡವಾಗಿತ್ತು.

ಅವರದು ತಮಿಳು ಸೀಮೆಯಲ್ಲಿ, ಚಿನ್ನಮನೂರಿನಿಂದ ಕಂಬಂ ಕಡೆಗೆ ಹೋಗುವ ದಾರಿಯಲ್ಲಿ ಒಂದು ಊರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮದುವೆಗೆ ಮುಂಚೆಯೂ ಆಮೇಲೆಯೂ ಸೇರಿ ಹದಿನೇಳು ವರ್ಷ ಮಣಿಮೇಗಲೈ ದಿಂಡಿಗಲ್ ಬಳಿಯ ಒಂದು ನೂಲಿನ ಗಿರಣಿಯಲ್ಲಿ ಕೆಲಸ ಮಾಡಿದ್ದಳು. ಅಲ್ಲಿನ ಹಿರಿಯ ಫಿಟ್ಟರ್ ಪೊನ್ನುಸಾಮಿಗೆ ಕಣ್ಣು ಮಂಜಾದಾಗ ಅವನಿಗೆ ಕೈಯಾಗಿ ನಿಂತವಳು ಇವಳೇ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಮೈಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟು, ಒಳಗಿನ ಬೇರಿಂಗ್ ಅಳುತ್ತಿದೆಯೋ ನಗುತ್ತಿದೆಯೋ ಹೇಳುವುದನ್ನು ಅವನು ಕಲಿಸಿದ. ಗಿರಣಿಯವರು ಆಳುಗಳನ್ನು ಕಡಿಮೆ ಮಾಡಿದಾಗ ಅವಳ ಕಾಗದದಲ್ಲಿ 'ಸಹಾಯಕಿ' ಎಂದೇ ಇತ್ತು. ಊರಿಗೆ ಬಂದು ಮೊದಲು ಚಿಕ್ಕಪ್ಪನ ಬಾವಿಯ ಪಂಪು ಸರಿಮಾಡಿದಳು, ಆಮೇಲೆ ಪಕ್ಕದ ತೋಟದ್ದು. ಬಾಯಿಂದ ಬಾಯಿಗೆ ಮಾತು ಹರಡಿತು. ಆದರೂ ಕರೆಯುವವರು ಪಿಸುದನಿಯಲ್ಲೇ ಕರೆಯುತ್ತಿದ್ದರು.

ಹೋದ ಮಾಘದಲ್ಲಿ ತಂಗರಾಜ್ ಎಂಬವನ ದ್ರಾಕ್ಷಿತೋಟದಿಂದ ಕರೆ ಬಂತು. ಬಾವಿಯ ಕಟ್ಟೆಯಿಂದ ಹತ್ತು ಮೆಟ್ಟಿಲು ಕೆಳಗೆ ಮೋಟಾರು. ನಾಲ್ಕನೇ ಮೆಟ್ಟಿಲಿನಲ್ಲಿ ಬುಟ್ಟಿಯ ಹಿಡಿ ಕಿತ್ತುಬಂತು. ಪೈಪ್ ರೆಂಚು, ಮಲ್ಟಿಮೀಟರು, ಅರ್ಧ ಸ್ಪ್ಯಾನರುಗಳು ಸೀದಾ ನೀರಿಗೆ. ಸೊಪ್ಪು ಮಾತ್ರ ಮೇಲೆ ತೇಲಿತು.

ಕಟ್ಟೆಯ ಮೇಲಿಂದ ತಂಗರಾಜ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೀರೆಸೊಪ್ಪು ಮಾರೋಳ್ಗೆ ಮೋಟಾರ್ ಬಿಚ್ಚು ಅಂದ್ರೆ ಇಂಗೇ ಆಗೋದು!"

ಮಣಿಮೇಗಲೈ ತಲೆ ಎತ್ತಲಿಲ್ಲ. ಉಳಿದ ಮೂರು ಸ್ಪ್ಯಾನರು, ಪಕ್ಕದ ತೋಟದಿಂದ ಎರವಲು ತಂದ ಒಂದು ರೆಂಚು, ಇಷ್ಟರಲ್ಲೇ ಮಧ್ಯಾಹ್ನದೊಳಗೆ ನೀರು ಎತ್ತಿಸಿದಳು. ನೀರು ಬಂದ ಮೇಲೂ ಅವನು ನಗುತ್ತಲೇ ಇದ್ದ. ಅದೇ ಅವಳಿಗೆ ನಾಟಿದ್ದು. ಕೆಲಸ ಕೆಟ್ಟಿದ್ದಕ್ಕೆ ನಕ್ಕಿದ್ದರೆ ಸಹಿಸಬಹುದಿತ್ತು. ಕೆಲಸ ಆದ ಮೇಲೂ ಅವನ ಕಣ್ಣಿಗೆ ಕಂಡದ್ದು ಸೊಪ್ಪೇ.

ಆ ಸಂಜೆ ಅತ್ತೆಗೆ ಹೇಳಿದಳು: "ನಾಳೆಯಿಂದ ಸೊಪ್ಪು ಬೇಡ ಅತ್ತೆ."

"ಯಾಕ್ ಮಗ್ಳೆ? ಮಾನವಾಗ್ ಓಗ್ಬರೋದ್ ಬೇಡ್ವಾ?"

"ಮರೆಸೋಕೆ ನಾನೇನ್ ಕದ್ಕೊಂಡ್ ಓಯ್ತಿದೀನಾ?"

ಮರುದಿನ ಹೊಸ ರೆಂಚು, ಮೀಟರು ಕೊಳ್ಳುವ ಮೊದಲೇ ಅವಳು ಚೀಲ ಕೊಳ್ಳಲು ತೇನಿಗೆ ಹೊರಟಳು. ಮನೆಯಲ್ಲಿದ್ದ ಹತಾರವನ್ನೆಲ್ಲ ಒಂದು ಅಕ್ಕಿ ಮೂಟೆಗೆ ತುಂಬಿದಳು. ಬೇರಿಂಗ್ ಎಳೆಯುವ ಮೂರು ಕೊಕ್ಕೆಯ ಪುಲ್ಲರು, ಸುತ್ತಿಗೆ, ಗಿರಣಿ ಕಾಲದ ಹಳೆಯ ಸ್ಪ್ಯಾನರುಗಳು. ಮೂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಕಾಲಳತೆ ಕೊಡದೆ ಚಪ್ಪಲಿ ಕೊಳ್ಳುವುದುಂಟೇ?

ಅಲ್ಲಿನ ಹತಾರದ ಅಂಗಡಿಯ ಮಾಲೀಕ ಹರಿಹರನ್ ಮರ್ಯಾದಸ್ಥ. "ಯಾರಿಗಮ್ಮಾ? ಯಜಮಾನರಿಗಾ?" ಎಂದು ತಮಿಳಿನಲ್ಲಿ ಕೇಳಿದ.

"ನನಗೆ."

ಅವನು ಅಂಗೈಯಗಲದ ಒಂದು ಗುಲಾಬಿ ಪೆಟ್ಟಿಗೆ ಇಟ್ಟ. ಮನೆಯಲ್ಲಿ ಮೊಳೆ ಹೊಡೆಯಲು ಅಂದ. ಮಣಿಮೇಗಲೈ ಮೂಟೆಯನ್ನು ಕೌಂಟರಿನ ಮೇಲೆ ಸುರಿದಳು. ಆ ಸದ್ದಿಗೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು.

"ಇದಿಷ್ಟೂ ಹಿಡಿಯುವಂಥದ್ದು ತೋರಿಸಿ."

ಬೆನ್ನಿಗೆ ಹಾಕುವ ಚೀಲ ಬಂತು. ತುಂಬಿಸಿ ಬೆನ್ನಿಗೇರಿಸಿದಳು, ಪುಲ್ಲರಿನ ಕೊಕ್ಕೆ ಬೆನ್ನುಮೂಳೆಗೆ ತಿವಿಯಿತು. ಟೆಸ್ಟರು ತೆಗೆಯಬೇಕಾದರೆ ಎಲ್ಲವನ್ನೂ ಹೊರಗೆ ಸುರಿಯಬೇಕು. ಬೇಡ. ಗಾಲಿಯ ಪೆಟ್ಟಿಗೆ ಬಂತು. "ತೋಟದ ಬದುವಿನ ಮೇಲೆ ಇದನ್ನ ಎಳೀತೀರಾ ನೀವು?" ಎಂದಳು. ಅದೂ ಹಿಂದೆ ಹೋಯಿತು. ಮೂರನೆಯದಕ್ಕೆ ಜೇಬುಗಳೋ ಜೇಬುಗಳು, ಆದರೆ ಬಾಯಿಗೆ ಜಿಪ್ಪು. ಗ್ರೀಸು, ಮಣ್ಣು ಮೆತ್ತಿದ ಜಿಪ್ಪು ಎಷ್ಟು ದಿನ ಬಾಳುತ್ತದೆಂದು ಗಿರಣಿಯವಳಿಗೆ ಗೊತ್ತು.

ಗೋಡೆಯ ಮೇಲೆ, ಕೈಗೆಟುಕದ ಎತ್ತರದಲ್ಲಿ, ದಪ್ಪ ಕ್ಯಾನ್ವಾಸಿನ ಒಂದು ಚೀಲ ನೇತಾಡುತ್ತಿತ್ತು. ಬಾಯಿಗೆ ಕಬ್ಬಿಣದ ಚೌಕಟ್ಟು. ತೆರೆದರೆ ತೆರೆದೇ ನಿಲ್ಲುವಂಥದ್ದು. ತಳಕ್ಕೆ ಗಟ್ಟಿ ರಬ್ಬರು.

"ಅದು."

"ಅದು ಗಂಡಸರು ಹೊರೋದಮ್ಮಾ. ತುಂಬಿದರೆ ಹದಿನಾಲ್ಕು ಕೆಜಿ ಬರುತ್ತೆ."

"ನಾನು ಬಿಂದಿಗೆ ಹೊತ್ತಾಗ ಯಾರೂ ತೂಕ ಹೇಳಲಿಲ್ಲವಲ್ಲ. ಇಳಿಸಿ."

ಇಳಿಸಿದ. ತುಂಬಿಸಿದಳು. ಹೆಗಲಿಗೆ ಹಾಕಿಕೊಂಡು ಅಂಗಡಿಯ ಮೆಟ್ಟಿಲಿಳಿದು ಬೀದಿಯ ತಿರುವಿನತನಕ ನಡೆದು ಬಂದಳು. ನೆಲದ ಮೇಲೆ ಕುಕ್ಕರಿಸಿ ಚೀಲವನ್ನು ಬಲಕ್ಕಿಟ್ಟುಕೊಂಡು, ಕಣ್ಣು ಮುಚ್ಚಿ, ಒಂದೊಂದೇ ಹತಾರ ತಡವಿ ತೆಗೆದಳು. ಬಾವಿಯೊಳಗೆ ಒಂದು ಕೈ ಮೋಟಾರಿನ ಮೇಲಿದ್ದರೆ ಇನ್ನೊಂದು ಕೈಗೆ ಕಣ್ಣಿನ ಸಹಾಯ ಸಿಗುವುದಿಲ್ಲ. ಕೈ ಎಲ್ಲೂ ತಡವರಿಸಲಿಲ್ಲ. ಆಮೇಲೆ ಹೆಗಲ ಪಟ್ಟಿಯ ಹೊಲಿಗೆಯನ್ನು ಉಗುರಿನಿಂದ ಕೆದಕಿದಳು. ಒಂದು ಎಳೆ ಎದ್ದಿತ್ತು.

"ಬೇರೆ ಕೊಡಿ."

"ಎಲ್ಲಾ ಒಂದೇ ಮಾಲಮ್ಮಾ."

"ಹಾಗಾದ್ರೆ ಎಲ್ಲಾ ಇಳಿಸಿ."

ಹರಿಹರನ್ ಏಣಿ ಹತ್ತಿ ನಾಲ್ಕು ಇಳಿಸಿದ. ನಾಲ್ಕನೆಯದರ ಹೊಲಿಗೆ ಒಪ್ಪಿಗೆಯಾಯಿತು. ಆ ಹೊತ್ತಿಗೆ ಅವನಿಗೂ ಹುರುಪು ಬಂದಿತ್ತು. ಪಕ್ಕದ ಬೋರ್ಡ್ ಬರೆಯುವವನನ್ನು ಕರೆದು, ಹೆಸರು ಬರೆಸಿಕೊಡುತ್ತೇನೆ ಅಂದ. "ಯಜಮಾನರ ಹೆಸರು ಹೇಳಿ."

"ಮಣಿಮೇಗಲೈ. ಕೆಳಗೆ ಮೋಟಾರ್ ಫಿಟ್ಟರ್. ಅದರ ಕೆಳಗೆ ಫೋನ್ ನಂಬರು."

ಬಣ್ಣದವನು ಅಳೆದು ನೋಡಿ ಗೊಣಗಿದ. "ಉದ್ದ ಆಗುತ್ತೆ. ಮಣಿ ಅಂತ ಹಾಕಲಾ?"

"ಮಣಿ ಅಂದ್ರೆ ಗಂಡಸು ಅಂದ್ಕೋತಾರೆ. ಎರಡು ಸಾಲು ಮಾಡಿ."

ಗಂಡ ಸುಂದರ್ ಒಡ್ಡನ್‌ಛತ್ರಂ ಮಾರುಕಟ್ಟೆಗೆ ತರಕಾರಿ ಗಾಡಿ ಓಡಿಸುವವನು; ಜಗಳಗಂಟನಲ್ಲ. ಜಗಲಿಯಲ್ಲಿ ಚೀಲ ನೋಡಿ, ಬಿಳಿ ಅಕ್ಷರಗಳನ್ನು ಓದಿದ.

"ಊರೋರೆಲ್ಲ ಓದ್ತಾರೆ ಮಣಿ."

"ಓದ್ಲಿ ಅಂತ್ಲೇ ಬರೆಸಿದ್ದು."

"ಅಮ್ಮ ಬೇಜಾರ್ ಮಾಡ್ಕೊಂಡವ್ಳೆ."

"ನಿನ್ ಗಾಡಿ ಮೇಲೆ ನಿನ್ ಎಸ್ರು ಇಲ್ವಾ? ಅಮ್ಮಂಗೆ ಅದ್ರಾಗೆ ಏನ್ ಬೇಜಾರಾಯ್ತು?"

ಪೊನ್ನಮ್ಮಾಳ್ ಹದಿನೈದು ದಿನ ಸೊಸೆಯೊಡನೆ ಮಾತು ಬಿಟ್ಟಳು. ತಂಗರಾಜ್ ತನ್ನ ಮೋಟಾರನ್ನು ಬೇರೆಯವನಿಗೆ ಒಪ್ಪಿಸಿದ. ಅವನ ನೆಂಟರಿಬ್ಬರೂ ಹಾಗೇ ಮಾಡಿದರು. ಚಹಾ ಅಂಗಡಿಯ ಬೆಂಚಿನಿಂದ "ಫಿಟ್ಟರೇ" ಎಂದು ಕೂಗಿ ನಗುವವರೂ ಇದ್ದರು. ಮಣಿಮೇಗಲೈ ಆ ದಾರಿ ಬಿಟ್ಟು ಸುತ್ತಿ ಹೋಗಲಿಲ್ಲ. ಕೂಗಿದಾಗಲೆಲ್ಲ ನಿಂತು, "ಏನ್ ರಿಪೇರಿ?" ಎಂದು ಕೇಳುತ್ತಿದ್ದಳು. ವಾರ ಕಳೆಯುವುದರೊಳಗೆ ಕೂಗು ನಿಂತಿತು.

ಚೈತ್ರದಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ನಿಲಕ್ಕೋಟ್ಟೈ ಕಡೆ ಮಲ್ಲಿಗೆ ತೋಟ ಇಟ್ಟಿರುವ ತಂಗಮ್ಮಾಳ್ ಎಂಬಾಕೆ. ಬತ್ತಲಗುಂಡು ನಿಲ್ದಾಣದಲ್ಲಿ ಚೀಲದ ಮೇಲಿನ ನಂಬರು ನೋಡಿ ಬರೆದುಕೊಂಡಿದ್ದಳಂತೆ. "ಇಲ್ಲಿನ ಮೆಕ್ಯಾನಿಕ್ ಎರಡು ಸಲ ಬಂದು ನೋಡಿದ್ರು, ಬಾವಿ ಮೋಟಾರ್ ಸುಟ್ಟುಹೋಗಿದೆ, ಹೊಸ ಮೋಟಾರ್ ಹಾಕಿಸು ಅಂತಾರೆ. ನೀವು ಬಂದು ನೋಡ್ತೀರಾ?"

ಎರಡು ಬಸ್ಸು ಬದಲಿಸಿ ಹೋದಳು. ತೋಟದ ಮೇಸ್ತ್ರಿ ರಸ್ತೆಯತನಕ ಬಂದಿದ್ದ. ಅವಳ ಹೆಗಲ ಭಾರ ನೋಡಿ ಪಾಪವೆನಿಸಿರಬೇಕು. ಚೀಲ ಕೊಡಿ, ನಾನು ತರುತ್ತೇನೆ ಎಂದು ಕೈಚಾಚಿದ.

"ಇದು ನಾನೇ ಹೊರೋದು. ನೀವು ಮುಂದೆ ಹೋಗಿ ಮೇನ್ ಆಫ್ ಮಾಡಿ" ಎಂದಳು.

ಮೋಟಾರು ಸುಟ್ಟಿರಲಿಲ್ಲ, ಬೇರಿಂಗ್ ತಿರುಗದಂತೆ ಹಿಡಿದುಕೊಂಡಿತ್ತು. ಹಳೆಯದನ್ನು ಎಳೆದು ತೆಗೆದು, ಚೀಲದಲ್ಲಿ ತಂದಿದ್ದ ಹೊಸದು ಕೂರಿಸಿದಳು. ಮಧ್ಯಾಹ್ನ ಊಟದ ಹೊತ್ತಿಗೆ ಮಲ್ಲಿಗೆ ಸಾಲುಗಳಿಗೆ ನೀರು ಹರಿಯಿತು. ತಂಗಮ್ಮಾಳ್ ಬದುವಿನ ಮೇಲೆ ನಿಂತು ತನ್ನ ತಂಗಿಗೆ ಫೋನು ಹಚ್ಚಿ, "ನಿಮ್ಮ ಬಾವಿಯ ಮೋಟಾರನ್ನೂ ಇವರಿಗೇ ತೋರಿಸು" ಎನ್ನುತ್ತಿದ್ದಳು. ಮಣಿಮೇಗಲೈ ತೊಟ್ಟಿಯಲ್ಲಿ ಕೈ ತೊಳೆದುಕೊಂಡು, ಆ ತೋಟ ಎಷ್ಟು ದೂರ, ಯಾವ ಬಸ್ಸು ಎಂದು ಮೇಸ್ತ್ರಿಯನ್ನು ವಿಚಾರಿಸತೊಡಗಿದಳು.