ಜೋಳದ ಬೆಂಡಿನ ಓಲೆ

ಮೊನ್ನೆ ತಮ್ಮ ಬರಹೇಳಿದನೆಂದು ತವರೂರು ಯಗಟಿಗೆ ಹೊರಟು ಕಡೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹಸಿ ಜೋಳದ ದಂಟು ಹೇರಿದ ಟ್ರ್ಯಾಕ್ಟರೊಂದು ಪಕ್ಕದಲ್ಲೇ ಹಾದುಹೋಯಿತು. ಆ ಸಿಹಿ ಘಮಲು ಮೂಗಿಗೆ ಬಡಿದದ್ದೇ ತಡ, ಕೈ ತಾನಾಗಿ ಕಿವಿಗೆ ಹೋಯಿತು. ದಂಟಿನ ವಾಸನೆಗೂ ಕಿವಿಗೂ ಏನು ಸಂಬಂಧ ಎನ್ನುತ್ತೀರಿ. ನಮ್ಮ ಗಿರಿಜತ್ತೆಯನ್ನು ಕಂಡಿದ್ದರೆ ಹಾಗೆ ಕೇಳುತ್ತಿರಲಿಲ್ಲ.

ಗಿರಿಜತ್ತೆ ಅಪ್ಪನ ತಂಗಿ. ಮದುವೆಯ ಗೊಡವೆಗೇ ಹೋಗದೆ ನಮ್ಮ ಮನೆಯಲ್ಲಿ ಉಳಿದವಳು. ದಸರೆ ಕಳೆದು, ಜೋಳ ಕೊಯ್ದು, ಹಿತ್ತಲಲ್ಲಿ ದಂಟಿನ ಮೆದೆ ಎದ್ದಿತೆಂದರೆ ಅವಳು ಅಕ್ಕಸಾಲಿಗಳಿಗೆ ಸಮನಾಗಿಬಿಡುತ್ತಿದ್ದಳು. ಹಲ್ಲಿನಿಂದ ಸಿಪ್ಪೆ ಸೀಳಿ, ಒಳಗಿನ ಬಿಳಿ ಬೆಂಡನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ, ಅರಿಶಿನದ ನೀರಿನಲ್ಲಿ ಅದ್ದಿ, ನಡುವೆ ಬೇಲಿಯ ಗುಲಗಂಜಿಯೊಂದನ್ನು ಒತ್ತಿದರೆ ಮುಗಿಯಿತು, ಕೆಂಪು ಹರಳಿನ ಓಲೆ! ಸಿಪ್ಪೆಯ ಸಣ್ಣ ಕಡ್ಡಿಯೇ ಅದರ ತಿರುಪು. "ಗುಲಗಂಜಿ ಬಾಯಿಗಿಟ್ಟೋಳಿಗೆ ಓಲೆ ಇಲ್ಲ ಕಣ್ರೇ, ವಿಷ ಅದು" ಎಂದು ಗದರುತ್ತಲೇ ನಮ್ಮ ಕಿವಿಗೆ ಸಿಕ್ಕಿಸುತ್ತಿದ್ದಳು.

ನನಗೆ ಎಂಟು ವರ್ಷವಿದ್ದಾಗ ಆ ಮೆದೆಯ ಮೇಲೆ ಮಂಗನ ಹಾಗೆ ಕುಣಿದು ಒಂದು ಕಿವಿಯ ಬಂಗಾರದ ಓಲೆ ಕಳೆದುಕೊಂಡೆ. ಅಜ್ಜಿಯ ಹಳೆಯ ಸರ ಕರಗಿಸಿ ನನಗೂ ಅತ್ತೆಗೂ ಒಂದೇ ಅಚ್ಚಿನಲ್ಲಿ ಮಾಡಿಸಿದ್ದ ಓಲೆ ಅದು. ಅಮ್ಮ ಚರ್ಮ ಸುಲಿಯುತ್ತಾಳೆಂದು ದಂಟಿನ ಸಂದಿಯಲ್ಲಿ ಕೂತು ಅಳುತ್ತಿದ್ದೆ. ಅತ್ತೆ ಹುಡುಕಿಕೊಂಡು ಬಂದಳು. "ಲೇ, ಸುಮ್ನಿರು. ಸಿಗೋ ತನಕ ಇದನ್ನ ಹಾಕ್ಕೊಂಡಿರು" ಎಂದು ಇನ್ನೊಂದು ಕಿವಿಯದನ್ನೂ ಬಿಚ್ಚಿ ಸೆರಗಿಗೆ ಕಟ್ಟಿಕೊಂಡು, ಎರಡಕ್ಕೂ ಬೆಂಡಿನ ಓಲೆ ಹಾಕಿದಳು. ನನ್ನೊಬ್ಬಳ ಕಿವಿ ಎದ್ದು ಕಾಣಬಾರದಲ್ಲ, ಸಂಜೆಯೊಳಗೆ ಕೇರಿಯ ಹೆಣ್ಣುಮಕ್ಕಳಿಗೆಲ್ಲ ಮಾಡಿಕೊಟ್ಟಳು. ಎಲ್ಲರಿಗೂ ಇದೇ ಹುಚ್ಚು ಎಂದು ಅಮ್ಮ ನಕ್ಕು ಸುಮ್ಮನಾದಳು.

ದೀಪಾವಳಿಯ ಬೆಳಿಗ್ಗೆ ಎಣ್ಣೆನೀರು ಹಾಕಿ, ಅತ್ತೆ ನನ್ನ ಎರಡೂ ಕಿವಿಗೆ ಬಂಗಾರ ಸಿಕ್ಕಿಸಿದಳು. "ಸಿಕ್ತು ಕಣೇ, ಮೆದೆ ಬುಡದಲ್ಲಿತ್ತು." ಅಂದಿನಿಂದ ಅವಳ ಕಿವಿಯಲ್ಲಿ, ತೂತು ಮುಚ್ಚದಿರಲೆಂದು, ಜೋಳದ ಕಡ್ಡಿ. ಅಮ್ಮ ಕೇಳಿದರೆ "ಬಂಗಾರ ಹಾಕಿದ್ರೆ ನವೆ ಆಗ್ತದೆ ಅತ್ತಿಗೆ" ಎನ್ನುತ್ತಿದ್ದಳು. ಎಲ್ಲರೂ ನಂಬಿದೆವು. ಕೊನೆಗೆ ಆ ಕಡ್ಡಿ ಹಾಕಿಕೊಂಡೇ ತೀರಿಹೋದಳು. ಅವಳ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಒಂಟಿ ಓಲೆ. "ಇನ್ನೊಂದನ್ನ ಎಲ್ಲಿ ಕಳೆದ್ಲೋ, ಬಾಯೇ ಬಿಡ್ಲಿಲ್ಲ ನೋಡು" ಎಂದು ಅಮ್ಮ ನೊಂದುಕೊಂಡಳು. ಅತ್ತೆಗೆ ಮೊದಲಿನಿಂದಲೂ ಯಾವುದರ ಮೇಲೂ ನಿಗಾ ಇರಲಿಲ್ಲ ಎಂದು ನಾನೂ ದನಿಗೂಡಿಸಿದೆ. ಆ ಮಾತು ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೊನ್ನೆ ನಾನು ಮನೆ ತಲುಪಿದಾಗ ತಮ್ಮ ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ಹಿತ್ತಲಲ್ಲಿ ಪೈಪ್‌ಲೈನಿಗೆ ಮಣ್ಣು ಅಗೆಸುವಾಗ ಸಿಕ್ಕಿತಂತೆ. "ಇದು ನಿಂದೇನಾ ನೋಡಕ್ಕ." ಅದೇ ಅಚ್ಚು. ನನ್ನ ಕಿವಿಯಲ್ಲಿ ಅಂದಿನಿಂದ ಇರುವ ಎರಡು, ಅಂಗೈಯಲ್ಲಿ ಮೂರನೆಯದು. ಅತ್ತೆ ತನ್ನದನ್ನೇ ಬಿಚ್ಚಿ ನನಗೆ ಹಾಕಿದ್ದಳು. ಅಮ್ಮನಿಗಾದರೂ ನಿಜ ಹೇಳೋಣವೆಂದರೆ ಅಮ್ಮನೂ ಇಲ್ಲ.

ಕನ್ನಡಿಯ ಮುಂದೆ ಎರಡನ್ನೂ ಬಿಚ್ಚಿ ನೋಡಿದೆ. ಯಾವುದು ಅವಳದೆಂದು ತಿಳಿಯಲಿಲ್ಲ. ಕೊಟ್ಟಿಗೆಗೆ ಹೋಗಿ ದಂಟಿನ ಸಿಪ್ಪೆ ಸೀಳಿ, ಎರಡು ಕಡ್ಡಿ ಮುರಿದು ಕಿವಿಗೆ ಹಾಕಿಕೊಂಡೆ.

"ಯಾಕಕ್ಕ, ಓಲೆ ಬಿಚ್ಬಿಟ್ಟೆ?" ಎಂದ ತಮ್ಮ.

"ಬಂಗಾರ ಹಾಕಿದ್ರೆ ನವೆ ಆಗ್ತದೆ ಕಣೋ" ಎಂದೆ.