ಒಂದು ಸೀರೆ, ಮುಂದಿನದರ ಸೆರಗು

ಅವ್ವನ ಮೊಬೈಲು ಪೂರ್ತಿ ಚಾರ್ಜ್ ಆಗಲು ಒಂದು ಸೀರೆ ಮತ್ತು ಮುಂದಿನ ಸೀರೆಯ ಸೆರಗು ಬೇಕಾಗುತ್ತಿತ್ತು. ಈ ಲೆಕ್ಕ ಕಂಡುಹಿಡಿದವಳು ನಾನು. ಬನಹಟ್ಟಿಯ ನಮ್ಮ ಮನೆಯಲ್ಲಿ ಪವರ್‌ಲೂಮ್ ಮಗ್ಗಗಳಿದ್ದವು. ಫೋನು ಹಚ್ಚುವ ಪ್ಲಗ್ಗೂ ಅದೇ ಖೋಲಿಯ ಗೋಡೆಯಲ್ಲಿತ್ತು. ಗಡಿಯಾರ ನೋಡಿಕೊಂಡು ಚಾರ್ಜಿಗೆ ಹಾಕಿದರೆ ಮೋಸ ಹೋಗುವುದು ಖಂಡಿತ, ಯಾಕೆಂದರೆ ಕರೆಂಟು ಹೋದರೂ ಗಡಿಯಾರ ಓಡುತ್ತಲೇ ಇರುತ್ತದೆ. ಮಗ್ಗ ಹಾಗಲ್ಲ. ಕರೆಂಟು ಹೋದರೆ ಅದೂ ನಿಲ್ಲುತ್ತದೆ, ಚಾರ್ಜೂ ನಿಲ್ಲುತ್ತದೆ. ಬಂದರೆ ಎರಡೂ ಕೂಡಿಯೇ ಶುರುವಾಗುತ್ತವೆ. ಮೂಲೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಕುಳಿತಿರುತ್ತಿದ್ದ ನಾನು ಮಗ್ಗದ ಮೇಲಿನ ಸೀರೆ ಎಲ್ಲಿಗೆ ಬಂತೆಂದು ಕತ್ತು ಹೊರಳಿಸಿ ನೋಡಿ, ಚಾರ್ಜು ಎಷ್ಟಾಗಿದೆ ಎಂದು ಹೇಳಿಬಿಡುತ್ತಿದ್ದೆ.

ಆ ಫೋನು ಕೊಡಿಸಿದವಳು ಮುಧೋಳಕ್ಕೆ ಕೊಟ್ಟ ನನ್ನ ಅಕ್ಕ. ಅವ್ವನ ದನಿ ಕೇಳದಿದ್ದರೆ ಊಟ ಸೇರುವುದಿಲ್ಲವಂತೆ ಅವಳಿಗೆ. ದಿನಾ ಸಂಜೆ ಅವಳ ಫೋನು ಬರುವ ಹೊತ್ತಿಗೆ ಅವ್ವ ಚಡಪಡಿಸುತ್ತಿದ್ದಳು.

"ಎಷ್ಟಾತ ನೋಡವಾ?"

"ಇನ್ನೂ ಅರ್ಧ ಸೀರಿ ಐತಬೇ."

"ಅಷ್ಟರಾಗ ಆಕಿ ಫೋನ್ ಬಂತಂದ್ರ?"

ಬಂದರೆ ಬರಲಿ, ಬರದಿದ್ದರೆ ಇನ್ನೂ ಛಲೋ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಯಾಕೆಂದರೆ ಫೋನು ಕಿವಿಗೆ ಹೋಯಿತೆಂದರೆ ಅವ್ವನ ದನಿಯೇ ಬೇರೆಯಾಗುತ್ತಿತ್ತು. "ಉಂಡೀ ಏನ ನನ್ನ ಬಂಗಾರ? ಮಾರಿ ಸಣ್ಣ ಆಗೇತೇನ?" ಫೋನಿನಲ್ಲಿ ಮುಖ ಹೇಗೆ ಕಾಣುತ್ತದೆ? ಬೆಳಗಿನಿಂದ ಎದುರಿಗೇ ಕುಳಿತಿದ್ದ ನನ್ನ ಮಾರಿ ಮಾತ್ರ ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ನನಗೇನಿದ್ದರೂ "ಕಂಡಿಕಿ ಮುಗದಾವ, ಕಣ್ಣ ಎಲ್ಲದಾವ?" ಎಂಬ ಬೈಗುಳ. ನಾನು ಚಾರ್ಜ್ ಮಾಡಿಕೊಟ್ಟ ಫೋನಿನಲ್ಲಿ ನನ್ನದೇ ಅವ್ವ ಇನ್ನೊಬ್ಬಳನ್ನು ಬಂಗಾರ ಅನ್ನುವುದನ್ನು ಕೇಳುತ್ತ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಹೊಟ್ಟೆಕಿಚ್ಚೇ ಅದು, ಬೇರೆ ಹೆಸರಿಲ್ಲ.

ನನ್ನ ದಿನವೆಂದರೆ ಅಮಾವಾಸ್ಯೆ. ಅವತ್ತು ಮಗ್ಗಕ್ಕೆ ಸೂಟಿ, ಓಣಿಗೆ ಓಣಿಯೇ ಸದ್ದಿಲ್ಲದೆ ಬಿದ್ದಿರುತ್ತಿತ್ತು. ನನ್ನ ಲೆಕ್ಕವನ್ನು ಅವ್ವ ಎಷ್ಟು ನಂಬಿಬಿಟ್ಟಿದ್ದಳೆಂದರೆ, ಮಗ್ಗ ಓಡದ ದಿನ ಫೋನೂ ಚಾರ್ಜ್ ಆಗುವುದಿಲ್ಲ ಎಂದೇ ಅವಳ ತಿಳಿವಳಿಕೆ. "ಸೀರಿನ ಇಳೀಲಿಲ್ಲ, ಇದರಾಗ ಚಾರ್ಜ್ ಎಲ್ಲಿಂದ ಬರತೈತಿ?" ಅನ್ನುತ್ತ ಫೋನನ್ನು ಗೋಡೆಯ ಮಾಡದೊಳಗೆ ಇಟ್ಟುಬಿಡುತ್ತಿದ್ದಳು. ನಾನು ನಗುತ್ತಿದ್ದೆ, ತಿದ್ದುತ್ತಿರಲಿಲ್ಲ. ಯಾಕೆ ತಿದ್ದಲಿ? ಅವತ್ತು ಒಲೆಯ ಮುಂದೆ ಅವ್ವ, ಪಕ್ಕದಲ್ಲಿ ನಾನು. ದೇವರಿಗೆ ಎಡೆ ಹಿಡಿದ ಮೇಲಿನ ಮೊದಲ ಬಿಸಿ ಹೋಳಿಗೆಯನ್ನು ತುಪ್ಪ ಹಚ್ಚಿ ಮಡಚಿ ನನ್ನ ಕೈಗೇ ಇಡುತ್ತಿದ್ದಳು. ಮುಧೋಳದವಳಿಗೆ ಫೋನಿನಲ್ಲಿ ಹೋಳಿಗೆ ತಿನ್ನಿಸಲಾಗುತ್ತಿತ್ತೇ?

ಆಮೇಲೆ ಅಣ್ಣನ ಲಗ್ನವಾಗಿ ವೈನಿ ಬಂದಳು. ಅದೇ ವರ್ಷ ನನ್ನನ್ನು ಜಮಖಂಡಿಗೆ ಕೊಟ್ಟರು. ಗಂಡನಿಗೆ ನೌಕರಿ, ಬಾಡಿಗೆ ಮನೆ, ನನಗೂ ಒಂದು ಫೋನು. ಚಾರ್ಜಿಗೆ ಹಾಕಿ ಅಭ್ಯಾಸಬಲದಿಂದ ಸೀರೆ ಎಲ್ಲಿಗೆ ಬಂತೆಂದು ಕತ್ತು ಹೊರಳಿಸಿದರೆ ಅಲ್ಲಿ ಬರೀ ಗೋಡೆ. ಎರಡು ತಾಸು ಬೇಕು ಎಂದು ಗಂಡ ಹೇಳಿದರೆ ಅದು ಎಷ್ಟು ಸೀರೆಯೆಂದು ತಿಳಿಯದೆ ನಾನು ಬಾಯಿ ಬಿಟ್ಟು ನಿಲ್ಲುತ್ತಿದ್ದೆ.

ಅವ್ವ ನನಗೆ ಫೋನು ಮಾಡುತ್ತಿದ್ದುದು ಅಮಾವಾಸ್ಯೆಗೊಮ್ಮೆ. ಅಕ್ಕನೊಂದಿಗೆ ದಿನಾ, ನನ್ನೊಂದಿಗೆ ತಿಂಗಳಿಗೊಮ್ಮೆ! ಒಮ್ಮೆ ಅಕ್ಕ ನಮ್ಮ ಮನೆಗೆ ಬಂದಾಗ ಚಹಾ ಕೊಡುತ್ತ ಅಂದೇಬಿಟ್ಟೆ: "ನಿನ್ನ ದೈವ ಛಲೋ ಐತಿ ಬಿಡ. ದಿನಾ ಅವ್ವ ಸಿಗತಾಳ."

ಅಕ್ಕ ಕಪ್ಪನ್ನು ಕುಕ್ಕಿ ಇಟ್ಟಳು. "ಏನ ಸಿಗತಾಳ? ಎರಡ ಮಾತ ಆಡೂದ್ರಾಗ ಫೋನ್ ಸಾಯತೈತಿ. ನಿನ್ನ ಸಲುವಾಗಿ ಮಾತ್ರ ಅಮಾಸಿ ಹಿಂದಿನ ದಿನಾನ ತುಂಬಿಸಿ ಇಟ್ಟಿರತಾಳ. ಅವತ್ತ ನಾ ಮಾಡಿದ್ರ, 'ಇಡವಾ, ನಾಳಿ ಮಗ್ಗ ಬಂದ್, ಸಣ್ಣಾಕಿ ಕೂಡ ಮಾತಾಡಾಕ ಚಾರ್ಜ್ ಬೇಕು' ಅಂತಾಳ."

ಅವಳ ಮುಖ ನೋಡಿದೆ. ಅಲ್ಲಿದ್ದದ್ದು ನನಗೆ ಚೆನ್ನಾಗಿ ಗೊತ್ತಿದ್ದ ಉರಿ. ಎಷ್ಟು ಖುಷಿಯಾಯಿತೆಂದರೆ, ಅವಳಿಗೆ ಇನ್ನೊಂದು ಕಪ್ಪು ಚಹಾ ಕೊಟ್ಟೆ.

ಮುಂದಿನ ಅಮಾವಾಸ್ಯೆಗೆ ಬೆಳಗಿನಿಂದ ಫೋನನ್ನು ಕೈಬಿಡಲಿಲ್ಲ. ಒಲೆಯನ್ನೂ ಹಚ್ಚಲಿಲ್ಲ. ಕೊನೆಗೆ ಅವ್ವನ ಫೋನು ಬಂತು.

"ಮಾತಾಡವಾ ನನ್ನ ಬಂಗಾರ, ಇವತ್ತ ಪೂರಾ ತುಂಬೇತಿ."

ನಾನು ಉಬ್ಬಿಹೋದೆ. ಆದರೆ ಅವಳ ದನಿ ಒಮ್ಮೆ ಹತ್ತಿರ, ಒಮ್ಮೆ ದೂರ ಕೇಳುತ್ತಿತ್ತು.

"ದನಿ ಯಾಕ ಹಿಂಗ ಬರಾಕತ್ತೇತಿ ಬೇ?"

"ಹೋಳಿಗಿ ಮಾಡಾಕತ್ತೇನಿ, ಕೈಯೆಲ್ಲಾ ಕಣಕ ಆಗೇತಿ. ನಿಮ್ಮ ವೈನಿ ಬಾಜೂಕ ಕುಂತ ಫೋನ್ ಕಿವಿಗೆ ಹಿಡದಾಳ."

ಹಂಚಿನ ಮೇಲೆ ತುಪ್ಪ ಚುರ್ ಎಂದಿತು. ಆಮೇಲೆ ಅವ್ವ ಮೆತ್ತಗೆ ಅಂದಳು: "ಹಿಡಿ, ಎಡಿ ಆತು. ಬಿಸಿ ಇದ್ದಾಗ ನೀನ ಮೊದಲ ತಿನ್ನ."

ಆ ಮಾತು ನನಗಲ್ಲ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಫೋನು ವೈನಿಯ ಬಾಯಿಯ ಹತ್ತಿರ ಬಂತು. ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಅವಳು ಕೇಳಿದಳು: "ಊಟ ಆತೇನ್ರಿ?"

"ಆತ್ರಿ ವೈನಿ," ಅಂದೆ.